ಮುಡಿಪಿನ ಗಂಟು

ಕರಿಬಸಮ್ಮನಿಗೆ ಕನಸು ಬೀಳುವುದಕ್ಕೆ ಹೊತ್ತುಗೊತ್ತು ಏನೂ ಇರಲಿಲ್ಲ. ಗುಬ್ಬಿಯ ಕಡ್ಲೆಪುರಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಕೂತಾಗ, ತುಮಕೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟಾಗ, ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗೆ ತನ್ನ ಹೆಸರು ಕೂಗುವುದನ್ನೇ ಕಾಯುತ್ತಾ ಕೂತಾಗ, ಕಣ್ಣು ಬಿಟ್ಟುಕೊಂಡಿದ್ದ ಹಾಗೆಯೇ ಅವಳು ಒಳಗೆಲ್ಲೋ ಜಾರಿಬಿಡುತ್ತಿದ್ದಳು. ಅಲ್ಲಿ ಒಂದು ಬಿಳಿ ಕುದುರೆ ಬರುತ್ತಿತ್ತು. ಬೆನ್ನ ಮೇಲೊಂದು ಚೀಲ. ಕಾಲಿನ ಸದ್ದೇ ಇಲ್ಲದೆ ನಡೆದು ಬಂದು ಅವಳ ಬಾಗಿಲ ಮುಂದೆ ನಿಂತು, ಹೊಸಲನ್ನು ಮೂಸಿ ನೋಡಿ, ಹಾಗೇ ತಿರುಗಿ ಹೊರಟುಬಿಡುತ್ತಿತ್ತು. ಅದು ಯಾರ ಮನೆಯ ಕುದುರೆ, ಚೀಲ ಯಾರಿಗೆ ಸೇರಬೇಕಾದದ್ದು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ಗಂಡ ಮಹಾದೇವಯ್ಯ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಮದುವೆಯಾದ ಹೊಸದರಲ್ಲಿ ರಜ ಸಿಕ್ಕಾಗಲೆಲ್ಲ ಗುಬ್ಬಿಗೆ ಬಂದು ಹೋಗುತ್ತಿದ್ದ. ಅವನ ಮೈಯಿಂದ ಒಣಹುಲ್ಲಿನ, ತೊಗಲಿನ ವಾಸನೆ ಬರುತ್ತಿತ್ತು. ಕರಿಬಸಮ್ಮನಿಗೆ ಆ ವಾಸನೆ ಇಷ್ಟವೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು. ಒಂದು ವರ್ಷ ಮಳೆಗಾಲವಿಡೀ ಅವನಿಗೆ ಬರಲಾಗಲಿಲ್ಲ. ದಸರೆಗೆ ಬಂದ, ಹಬ್ಬ ಮುಗಿಸಿ ಹೋದ. ಮಗು ಹುಟ್ಟಿದ್ದು ಬಸವ ಜಯಂತಿಯ ಹಿಂದುಮುಂದು. ಏಳು ತಿಂಗಳ ಕೂಸು, ಅವಸರ ಮಾಡಿಕೊಂಡು ಬಂದುಬಿಟ್ಟಿದೆ ಅಂತ ಸೂಲಗಿತ್ತಿ ಹೇಳಿದಳು. ಮಹಾದೇವಯ್ಯ ಕೇಳಲಿಲ್ಲ. ಅವನಿಗೆ ಲೆಕ್ಕ ಗೊತ್ತಿತ್ತಲ್ಲ! ಯಾವ ಹೆಣ್ಣು ಕುದುರೆಯನ್ನು ಯಾವ ಗಂಡಿನ ಹತ್ತಿರ ಯಾವತ್ತು ಬಿಟ್ಟರು, ಅದು ಯಾವತ್ತು ಮರಿ ಹಾಕಬೇಕು, ಆ ಮರಿಯ ಅಪ್ಪ ಯಾರು, ಅಜ್ಜ ಯಾರು, ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಅದೇ ಲೆಕ್ಕದಲ್ಲಿ ಹೆಂಡತಿಯ ಹೊಟ್ಟೆಯನ್ನೂ ಅಳೆದ ಮಹಾನುಭಾವ. ಆಷಾಢಕ್ಕೆ ಹುಟ್ಟಬೇಕಾದದ್ದು ವೈಶಾಖಕ್ಕೇ ಹುಟ್ಟಿದೆ, ಆದ್ದರಿಂದ ಇದು ನನ್ನದಲ್ಲ ಅಂದ. ತೊಟ್ಟಿಲ ಹತ್ತಿರಕ್ಕೂ ಹೋಗದೆ ಕುಣಿಗಲ್ ಬಸ್ಸು ಹತ್ತಿದವನು ಮತ್ತೆ ಗುಬ್ಬಿಯ ಕಡೆ ಮುಖ ಹಾಕಲಿಲ್ಲ.

ಮಗುವಿಗೆ ಸರ್ವಮಂಗಳ ಅಂತ ಹೆಸರಿಟ್ಟಳು ಕರಿಬಸಮ್ಮ. ಮಗುವಿನ ಜೀವನಾಂಶಕ್ಕೆ ತುಮಕೂರಿನ ಕೋರ್ಟಿನಲ್ಲಿ ದಾವೆ ಹಾಕಿದಳು. ಕಟಕಟೆಯಲ್ಲಿ ನಿಂತು, ತುಂಬಿದ ಕೋರ್ಟಿನಲ್ಲಿ, "ಈ ಮಗು ನಂದಲ್ಲ ಸಾಮಿ" ಅಂದುಬಿಟ್ಟ ಮಹಾದೇವಯ್ಯ. ಮದುವೆಯ ಬಾಳಿನಲ್ಲಿ ಹುಟ್ಟಿದ ಮಗು ಗಂಡನದೇ ಅಂತ ಕೋರ್ಟು ಹೇಳಿತು. ಅವನು ಅಪೀಲು ಹಾಕಿದ. ಅಲ್ಲೂ ಸೋತ. ಅಷ್ಟರಲ್ಲಿ ತೊಟ್ಟಿಲ ಕೂಸು ಲಂಗ ದಾವಣಿ ಉಡುವ ಹುಡುಗಿಯಾಗಿತ್ತು. ತೀರ್ಪು ಬಂದರೂ ಅವನು ಬಿಡಿಗಾಸು ಬಿಚ್ಚಲಿಲ್ಲ. ಅವನಿಗೆ ದುಡ್ಡಿನ ಆಸೆಯಾಗಿದ್ದರೆ ಕರಿಬಸಮ್ಮ ಅರ್ಥ ಮಾಡಿಕೊಳ್ಳುತ್ತಿದ್ದಳೇನೋ. ಆದರೆ ಅವನು ಊರವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದುದೇ ಬೇರೆ: "ಕೊಟ್ರೆ ನಂದು ಅಂತ ಒಪ್ಕಂಡಂಗಾಯ್ತದೆ. ಅದಕ್ಕೇ ಕೊಡಾಕಿಲ್ಲ."

ಕರಿಬಸಮ್ಮನಿಗೆ ಬೇಕಾಗಿದ್ದುದೂ ಅದೇ. ಹೊಟ್ಟೆಗೆ ಭಟ್ಟಿಯ ಕೂಲಿ ಸಾಕಾಗುತ್ತಿತ್ತು. ಮಗಳು ಟೀಚರ್ ಟ್ರೈನಿಂಗ್ ಸೇರಬೇಕು ಅನ್ನುತ್ತಿದ್ದಳು, ಅದಕ್ಕೆ ದುಡ್ಡು ಬೇಕಿತ್ತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವನು ಕೊಡಬೇಕು, ಕೊಟ್ಟು ಒಪ್ಪಿಕೊಳ್ಳಬೇಕು. ಆ ಒಂದು ಒಪ್ಪಿಗೆಗಾಗಿಯೇ ಅವಳು ಇಷ್ಟು ವರ್ಷ ಗುಬ್ಬಿಗೂ ತುಮಕೂರಿಗೂ ಚಪ್ಪಲಿ ಸವೆಸಿದ್ದಳು.

ಕೊನೆಗೆ ಅವನ ಸಂಬಳದಲ್ಲೇ ಹಿಡಿದು ಕೊಡಬೇಕೆಂದು ಕೋರ್ಟು ಫಾರಮ್ಮಿಗೆ ಬರೆಯಿತು. ಆ ಕಾಗದ ಬಂದ ವಾರದಲ್ಲೇ ಮಹಾದೇವಯ್ಯ, ವಯಸ್ಸಿಗೆ ಮುಂಚೆಯೇ, ನನಗೆ ಕೆಲಸ ಸಾಕು ಅಂತ ಬರೆದುಕೊಟ್ಟುಬಿಟ್ಟ.

ಅದು ಎಂಬತ್ನಾಲ್ಕನೇ ಇಸವಿ. ಸುದ್ದಿ ಕೇಳಿದವಳೇ ಕರಿಬಸಮ್ಮ ತುಮಕೂರಿನ ಬಟವಾಡಿಯಲ್ಲಿದ್ದ ಲಾಯರು ಶಿವರಾಮಯ್ಯನವರ ಮನೆಗೆ ಓಡಿದಳು. ಅವರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು.

"ಕೆಲ್ಸ ಬುಟ್ಮೇಲೆ ಸಂಬಳ ಎಲ್ಲಿಂದ ಹಿಡಿಯದು ಸಾ? ಅವಯ್ಯಂಗೆ ಫಂಡು ಬರ್ತೈತಂತಲ್ಲ, ಅದ್ನ ಹಿಡಿಯಕ್ಕಾಗಲ್ವಾ?"

ಶಿವರಾಮಯ್ಯ ತಲೆಯಾಡಿಸಿದರು. "ಪ್ರಾವಿಡೆಂಟ್ ಫಂಡಿನ ದುಡ್ಡು ಫಂಡಿನೊಳಗೆ ಇರೋವರೆಗೂ ಯಾವ ಕೋರ್ಟೂ ಮುಟ್ಟೋ ಹಾಗಿಲ್ಲಮ್ಮ. ಕಾನೂನೇ ಸುತ್ತ ಬೇಲಿ ಹಾಕಿದೆ. ಗ್ರಾಚ್ಯುಟಿನೂ ಅಷ್ಟೇ. ಮುಪ್ಪಿನ ಕಾಲಕ್ಕೆ ಅಂತ ಇಟ್ಟಿರೋದು, ಸಾಲ ಕೊಟ್ಟೋರು ಬಂದು ಕಿತ್ಕೊಂಡು ಹೋಗಬಾರದು ಅಂತ."

"ನಾನು ಸಾಲ ಕೊಟ್ಟೋಳಾ ಸಾ? ನನ್ ಮಗಳು ಸಾಲ ಕೊಟ್ಟೋಳಾ?"

ಲಾಯರು ಲೋಟ ಕೆಳಗಿಟ್ಟರು.

"ಆದರೆ ಒಂದು ದಾರಿ ಇದೆ. ಆ ದುಡ್ಡು ಫಂಡಿನಿಂದ ಈಚೆಗೆ ಬಂದು ಅವನ ಬ್ಯಾಂಕ್ ಖಾತೆಗೆ ಬಿತ್ತು ಅನ್ನಿ. ಆಗ ಅದು ಎಲ್ಲರ ದುಡ್ಡಿನ ಹಾಗೆ ಬರೀ ದುಡ್ಡು. ಆಗ ಹಿಡೀಬಹುದು. ಯಾವ ಬ್ಯಾಂಕು ಅಂತ ತಿಳ್ಕೊಂಡು ಬನ್ನಿ. ಅವನು ತೆಗೆಯೋದರೊಳಗೆ ನಮ್ಮ ಆರ್ಡರ್ ಅಲ್ಲಿರಬೇಕು, ಅಷ್ಟೇ."

ವಾಪಸು ಬರುವಾಗ ಬಸ್ಸಿನಲ್ಲಿ ಕುದುರೆ ಬಂತು. ಈಗ ಅದು ಎತ್ತರದ ಬೇಲಿಯೊಳಗೆ ಮೇಯುತ್ತಿತ್ತು. ಬೇಲಿಯ ಹತ್ತಿರ ಹೋದರೆ ಕೈ ಮರಗಟ್ಟುತ್ತಿತ್ತು. ಆದರೆ ನೀರಡಿಕೆಯಾದಾಗ ಕುದುರೆ ಬೇಲಿ ದಾಟಿ ಕೆರೆಗೆ ಬರಲೇಬೇಕಲ್ಲ. ಕೆರೆಯ ನೀರಿಗೆ ಅದು ಬಾಯಿ ಇಡುವಷ್ಟು ಹೊತ್ತು, ಅಷ್ಟೇ ಹೊತ್ತು, ಯಾರು ಬೇಕಾದರೂ ಹೋಗಿ ಹಗ್ಗ ಹಿಡಿಯಬಹುದು. ಕರಿಬಸಮ್ಮ ಕನಸಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆ ಏರಿಯ ಮೇಲೆ ಕೂತಳು. ಅಷ್ಟರಲ್ಲಿ ಕಂಡಕ್ಟರು ಗುಬ್ಬಿ ಗುಬ್ಬಿ ಅಂತ ಕೂಗಿದ.

ಬ್ಯಾಂಕು ಯಾವುದು ಅಂತ ತಿಳಿಯಲು ಅವಳು ಕುಣಿಗಲ್ಲಿಗೆ ಹೋದಳು. ಗಂಡನ ಊಟ ನಿದ್ದೆ ಎಲ್ಲ ನಡೆದಿದ್ದ ಊರನ್ನು ಅವಳು ನೋಡಿದ್ದು ಅದೇ ಮೊದಲು. ಫಾರಮ್ಮಿನ ಹೊರಗೆ ಟೀ ಅಂಗಡಿ ಇಟ್ಟಿದ್ದ ಹೆಂಗಸು, ಫಾರಮ್ಮಿನವರ ಖಾತೆ ಎಲ್ಲ ಬಸ್ ಸ್ಟ್ಯಾಂಡಿನ ಹಿಂದಿನ ಬ್ಯಾಂಕಿನಲ್ಲಿ ಅಂತ ಕೇಳಿದ ತಕ್ಷಣ ಹೇಳಿಬಿಟ್ಟಳು. ಬಂದ ಕೆಲಸ ಅಷ್ಟಕ್ಕೇ ಮುಗಿಯಿತು. ಆದರೆ ಕರಿಬಸಮ್ಮನ ಕಾಲು ಏಳಲಿಲ್ಲ.

ಬೇಲಿಯ ಆಚೆ ಹುಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಕಂದು ಕುದುರೆ, ಕರಿ ಕುದುರೆ, ಅಮ್ಮನ ಹೊಟ್ಟೆಗೆ ಒತ್ತಿಕೊಂಡು ನಡೆಯುವ ಉದ್ದ ಕಾಲಿನ ಮರಿ. ಇಷ್ಟು ಚೆಂದದ ಜೀವಗಳ ಮಧ್ಯೆ ಇದ್ದೂ ಅವನ ಮನಸ್ಸು ಅಷ್ಟು ಒರಟಾಗಿದ್ದು ಹೇಗೆ ಅಂತ ಅವಳಿಗೆ ಸಿಟ್ಟು ಬಂತು. ಅಷ್ಟರಲ್ಲಿ, ಬಿಡುವ ಗಡುವು ಇನ್ನೂ ಮುಗಿಯದೆ ಕೆಲಸಕ್ಕೆ ಬಂದಿದ್ದ ಅವನೇ ಕಂಡ. ತಲೆ ನೆರೆತಿತ್ತು, ಬೆನ್ನು ಕೊಂಚ ಬಾಗಿತ್ತು. ಮುದಿ ಹೆಣ್ಣು ಕುದುರೆಯೊಂದನ್ನು ಮರದ ಕೆಳಗಿನ ಗೂಟಕ್ಕೆ ಕಟ್ಟಿ, ಅದರ ಕಿವಿಯ ಹತ್ತಿರ ಏನೋ ಮಾತಾಡುತ್ತಾ ಮೈ ಉಜ್ಜಿದ. ಕೆಲಸ ಮುಗಿದ ಮೇಲೆ ಹಗ್ಗದ ಒಂದು ತುದಿ ಹಿಡಿದು ಸುಮ್ಮನೆ ಎಳೆದ. ಅಷ್ಟು ಬಿಗಿಯಾಗಿದ್ದ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡು ಕೈಗೆ ಬಂತು. ಇದೆಂಥ ಗಂಟಪ್ಪ ಅಂತ ಅವಳು ನೋಡುತ್ತಲೇ ನಿಂತಳು. ಅವನು ಈ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ಗೊತ್ತಿಲ್ಲ.

ಶಿವರಾಮಯ್ಯ ಅರ್ಜಿ ಹಾಕಿದರು. ಆರ್ಡರೂ ಆಯಿತು. ಅದನ್ನು ಕುಣಿಗಲ್ಲಿಗೆ ಹೊತ್ತುಕೊಂಡು ಹೋದವರು ಕೋರ್ಟಿನ ಅಮೀನರು ರಾಮಾಂಜಿನಯ್ಯ. ಜಪ್ತಿ ಮಾಡುವುದು ಇವರ ಕೆಲಸ. ಜನರ ಮನೆಯಿಂದ ಪಾತ್ರೆ, ಸೈಕಲ್ಲು, ಎಮ್ಮೆ ಹೊರಡಿಸಿಕೊಂಡು ಬರುವಾಗ ಪ್ರತಿ ಸಲವೂ ಮುಖ ಸಣ್ಣ ಮಾಡಿಕೊಳ್ಳುವಷ್ಟು ಮೆತ್ತನೆಯ ಮನುಷ್ಯ. ಅವರು ಬ್ಯಾಂಕಿಗೆ ಹೋಗುವ ಹೊತ್ತಿಗೆ ಫಂಡಿನ ದುಡ್ಡು ಬಂದಿತ್ತು, ಬಂದದ್ದು ಖಾಲಿಯೂ ಆಗಿತ್ತು. ಹಿಂದಿನ ದಿನವೇ ಮಹಾದೇವಯ್ಯ ಬಂದು ಎಲ್ಲ ಬಿಡಿಸಿಕೊಂಡು ಹೋಗಿದ್ದ. ಕುದುರೆ ನೀರು ಕುಡಿದು ಹೊರಟುಹೋಗಿತ್ತು.

ಖಾತೆಯಲ್ಲಿ ಇಲ್ಲದಿದ್ದರೇನು, ಮನೆಯಲ್ಲಿರುವ ನಗದನ್ನೂ ಜಪ್ತಿ ಮಾಡಬಹುದು ಅಂತ ಲಾಯರು ಬೇರೆ ವಾರಂಟು ಮಾಡಿಸಿದರು. ಈ ಸಲ ಕರಿಬಸಮ್ಮನೂ ಅಮೀನರ ಜೊತೆ ಹೋದಳು. ಕುಣಿಗಲ್ಲಿನ ಆ ಸಣ್ಣ ಬಾಡಿಗೆ ಮನೆಯ ಹೊರಗೆ, ಬೀದಿಯಲ್ಲಿ ನಿಂತಳು. ಬಾಗಿಲು ತೆರೆದೇ ಇತ್ತು. ಮಹಾದೇವಯ್ಯ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದು, ಪಂಚೆ ಉಟ್ಟು ಕೂತಿದ್ದ, ಇವರನ್ನೇ ಕಾಯುತ್ತಿದ್ದವನ ಹಾಗೆ. ಅವನ ಮುಂದೆ ವೀರಭದ್ರ ದೇವರ ಪಟ. ಪಟದ ಮುಂದೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು. ಗಂಟಿನ ಮೇಲೆ ಒಂದು ಬಿಲ್ವಪತ್ರೆ.

"ದುಡ್ಡು ತಾನೇ ನಿಂಗೆ ಬೇಕಾಗಿರದು? ಅಗೋ ಅಲ್ಲೈತೆ. ಅಷ್ಟೂ ಅಲ್ಲೇ ಐತೆ. ಮನೆದೇವ್ರಿಗೆ ಮುಡಿಪು ಕಟ್ಟಿವ್ನಿ. ಗಂಡಸಾದ್ರೆ ಮುಟ್ಟು ನೋಡಾನ," ಅಂದ ಅಮೀನರಿಗೆ.

ರಾಮಾಂಜಿನಯ್ಯ ಅಷ್ಟು ಹೊತ್ತಿಗಾಗಲೇ ಚಪ್ಪಲಿ ಬಿಟ್ಟಿದ್ದರು. ವಾರಂಟು ಹಿಡಿದಿದ್ದ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ ಗಂಟಿಗೆ ನಮಸ್ಕಾರ ಮಾಡಿದರು. ಜಪ್ತಿಗೆ ಸಾಕ್ಷಿ ಹಾಕಲು ಕರೆತಂದಿದ್ದ ಇಬ್ಬರಲ್ಲಿ ಒಬ್ಬ, ಹೊಲದಲ್ಲಿ ಕೆಲಸ ಇದೆ ಅಂತ ಹೊರಟ. ಇನ್ನೊಬ್ಬ ಹೇಳದೆಯೇ ಹೊರಟ. ಸರ್ಕಾರದ ಮೊಹರಿಗೆ ಹೆದರದವರೂ ಮುಡಿಪಿಗೆ ಹೆದರುತ್ತಾರೆ. ಹರಕೆ ಹೊತ್ತು ದೇವರ ಹೆಸರಲ್ಲಿ ಕಟ್ಟಿಟ್ಟ ದುಡ್ಡನ್ನು ಕಳ್ಳನೂ ಬಿಟ್ಟು ಹೋಗುವ ಸೀಮೆ ಅದು.

"ಬಟ್ಟೇಲಿ ಕಟ್ಟಿದ ಮಾತ್ರಕ್ಕೆ ದುಡ್ಡು ದೇವರದಾಗಿಬಿಡುತ್ತೇನ್ರೀ? ಯಾವ ಕಾನೂನು ಇದು?" ಅಂತ ಸಂಜೆ ಬಟವಾಡಿಯಲ್ಲಿ ಶಿವರಾಮಯ್ಯ ಅಮೀನರ ಮೇಲೆ ಹಾರಾಡಿದರು.

"ಕಾನೂನು ನಿಮ್ ಕಡೇನೇ ಐತೆ ಸಾರ್. ನೀವೇ ಬಂದು ಒಂದ್ಸಲ ಮುಟ್ಟಿಬುಡಿ, ಮಿಕ್ಕಿದ್ದೆಲ್ಲ ನಾನು ಬರ್ಕತೀನಿ," ಅಂದರು ರಾಮಾಂಜಿನಯ್ಯ ತಗ್ಗಿದ ದನಿಯಲ್ಲಿ. ಲಾಯರು ಕೆಮ್ಮಿ, ಯಾವುದೋ ಫೈಲು ಹುಡುಕತೊಡಗಿದರು.

ಕರಿಬಸಮ್ಮ ಮಾತ್ರ ಹೇಳಬೇಕಾದ್ದನ್ನು ಹೇಳಿದಳು. "ಯಾರೂ ಮುಟ್ಟದು ಬ್ಯಾಡ ಸಾ. ಮುಡಿಪು ಮುರಿದ ದುಡ್ಡು ನನ್ ಮಗೀಗೆ ಬ್ಯಾಡ." ಅಷ್ಟು ಹೇಳಿ ಹೊರಗೆ ಬಂದು, ಶಿರಾ ಗೇಟಿನ ತನಕ ನಡೆದುಕೊಂಡೇ ಹೋಗಿ, ಗುಬ್ಬಿ ಬಸ್ಸಿಗೆ ಆ ಕಡೆ ಹೋಗಬೇಕಾಗಿಲ್ಲ ಅನ್ನುವುದು ನೆನಪಾಗಿ ನಿಂತಳು. ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳು. ಸೋತಿದ್ದೇನೆ ಅಂತ ಅವಳಿಗೆ ಮೊದಲ ಸಲ ಅನ್ನಿಸಿದ್ದು ಅಲ್ಲಿ.

ಮಾರನೆಯ ದಿನ ಭಟ್ಟಿಯಲ್ಲಿ ಅಕ್ಕಿ ಮರಳಿಗೆ ಬಿದ್ದು ಪಟಪಟ ಅರಳುತ್ತಿತ್ತು. ಹೊಗೆ, ಬಿಸಿ, ಎದುರಿಗೆ ಮೇಲೇಳುತ್ತಿದ್ದ ಬಿಳಿ ರಾಶಿ. ಕರಿಬಸಮ್ಮನ ಕಣ್ಣು ಎಳೆಯಿತು. ಕುದುರೆ ಬರಲಿಲ್ಲ. ತೀರಿಹೋಗಿದ್ದ ಅವಳ ಅತ್ತೆ ಬಂದು, ಅರಳಿದ ಪುರಿಯ ರಾಶಿಯ ಪಕ್ಕದಲ್ಲಿ ಕಾಲು ಚಾಚಿ ಕೂತರು. ಬದುಕಿದ್ದಾಗ ಇದ್ದ ಹಾಗೇ, ಬಾಯಿ ತುಂಬ ಎಲೆ ಅಡಿಕೆ. "ಕಟ್ಟೋನು ಕಟ್ಟವ್ನೆ ಬುಡು. ಬಿಚ್ಚೋಳು ಯಾರಂತೆ?" ಅಂದರು. ಏನು ಅತ್ತೆಮ್ಮ ಅಂತ ಇವಳು ಕೇಳುವಷ್ಟರಲ್ಲಿ ಪುರಿ ಸೀದ ವಾಸನೆ ಬಂತು, ಭಟ್ಟಿಯ ಯಜಮಾನ ಬೈದ.

ಬೈಗುಳ ಅವಳ ಕಿವಿಗೇ ಬೀಳಲಿಲ್ಲ. ಅವಳು ಹೊಸ ಸೊಸೆಯಾಗಿದ್ದಾಗಿನ ಒಂದು ಸೋಮವಾರ ಕಣ್ಣ ಮುಂದೆ ಬಂದು ನಿಂತಿತ್ತು. ಮಾವ ರಾಗಿ ಮಾರಿದ ದುಡ್ಡನ್ನೆಲ್ಲ ಮುಡಿಪು ಕಟ್ಟಿ, ಸಿ.ಎಸ್. ಪುರದ ಆಚೆಯ ಗುಡ್ಡದ ವೀರಭದ್ರನ ಗುಡಿಗೆ ಹೊತ್ತುಕೊಂಡು ಹೋಗಿದ್ದರು. ಆ ಮನೆತನದ ಪದ್ಧತಿ ಅದು. ಗಂಟನ್ನು ಗುಡಿಯಲ್ಲಿ ಬಿಚ್ಚಿ, ಒಂದು ಬೊಗಸೆ ದೇವರಿಗೆ ಹಾಕಿ, ಮಿಕ್ಕದ್ದನ್ನು ದೇವರು ಕೊಟ್ಟದ್ದು ಅಂತ ಮನೆಗೆ ತರುವುದು. ಆದರೆ ಗಂಟು ಬಿಚ್ಚಬೇಕಾದವಳು ಕಟ್ಟಿದವನ ಮಗಳು. ಗಂಡು ಮಕ್ಕಳಲ್ಲ, ಹೆಂಡತಿಯಲ್ಲ, ಪೂಜಾರಿಯೂ ಅಲ್ಲ. ಅದಕ್ಕೆಂದೇ ಮಹಾದೇವಯ್ಯನ ಅಕ್ಕ ಶಿವರುದ್ರಮ್ಮ ಗಂಡನ ಮನೆಯಿಂದ ಬಂದಿದ್ದಳು. ಮಗಳಿಲ್ಲದವನು ಕಟ್ಟಿದ ಮುಡಿಪು ಬಿಚ್ಚದ ಹಾಗೇ, ಅಷ್ಟೂ, ದೇವರ ಪೆಟ್ಟಿಗೆಗೆ ಹೋಗುತ್ತದೆ.

ಅಮೀನರನ್ನು ಹೆದರಿಸುವ ಭರದಲ್ಲಿ ಮಹಾದೇವಯ್ಯ ಇದನ್ನು ಮರೆತಿದ್ದನೋ, ಅಕ್ಕ ಇದ್ದಾಳಲ್ಲ ಅಂತ ಅಂದುಕೊಂಡಿದ್ದನೋ. ಕುದುರೆಗಳ ಅಪ್ಪ ಅಜ್ಜಂದಿರೆಲ್ಲ ನೆನಪಿದ್ದವನಿಗೆ ತನ್ನ ಮನೆಯ ಪದ್ಧತಿ ನೆನಪಿರಲಿಲ್ಲ!

ಶಿವರುದ್ರಮ್ಮ ಸಿ.ಎಸ್. ಪುರದಲ್ಲೇ ಇದ್ದಳು. ಮಹಾದೇವಯ್ಯನಿಗಿಂತ ದೊಡ್ಡವಳು, ಗಂಡನನ್ನು ಕಳೆದುಕೊಂಡವಳು, ನೇರ ಮಾತಿನವಳು. ಕರಿಬಸಮ್ಮ ಹೋದಾಗ ಹುರುಳಿ ಕೇರುತ್ತಾ ಕೂತಿದ್ದವಳು ಮೊರ ಪಕ್ಕಕ್ಕಿಟ್ಟಳು.

"ಬರೋ ಸೋಮವಾರ ಗುಡೀಗೆ ಬಾ ಅಂತ ನಂಗೆ ಹೇಳಿಕಳ್ಸವ್ನೆ ಕಣಮ್ಮ. ಮುಡಿಪು ಬಿಚ್ಚಬೇಕಂತೆ. ನಾನು ನಮ್ಮಪ್ಪನ ಮಗಳು, ನಮ್ಮಪ್ಪಂದ ಬಿಚ್ದೆ. ಇವ್ನ ಮಗಳಾ ನಾನು?"

"ಮಂಗಳನ್ನ ಕರ್ಕಂಡು ಬರ್ತೀನಿ ಅತ್ತಿಗೆ."

ಶಿವರುದ್ರಮ್ಮ ಅವಳ ಮುಖವನ್ನೇ ನೋಡಿದಳು. "ಬಿಚ್ಚೋಳು ಯಾರು ಅಂತ ಗುಡಿ ಅಯ್ನೋರು ಕೇಳ್ತಾರೆ. ಇವ್ನು ಬಾಯ್ಬುಟ್ಟು ನನ್ ಮಗಳು ಅನ್ನಬೇಕು. ಹಠಮಾರಿ ಮುಂಡೇದು ಅದು. ಅನ್ನಾಕಿಲ್ಲ, ಅಷ್ಟೂ ದೇವ್ರಿಗೇ ಹೋಗ್ಲಿ ಅಂದ್ಬುಟ್ರೆ ಏನ್ ಮಾಡ್ತೀಯ?"

"ಹೋಗ್ಲಿ ಬುಡಿ. ಕೋರ್ಟಲ್ಲಿ ಜಡ್ಜ್ ಸಾಹೇಬ್ರ ಮುಂದೆ ನಂದಲ್ಲ ಅಂದ್ರು. ದೇವ್ರ ಮುಂದೆನೂ ಅಂತಾರಾ ಅಂತ ನಾನು ನೋಡಬೇಕು."

ಹಾಗಂದಳೇನೋ ನಿಜ. ಆದರೆ ಮನೆಗೆ ಬಂದು ಮಗಳಿಗೆ ವಿಷಯ ಹೇಳುವಾಗ ಅವಳಿಗೆ ಅಳುಕಾಯಿತು. ತನಗಾದ ಅವಮಾನವನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಈಗ ಮಗಳನ್ನು ಅವನ ಎದುರಿಗೇ ನಿಲ್ಲಿಸಿ, ಇಲ್ಲ ಅನ್ನಿಸಿಕೊಂಡು ಬರುವುದೇ? ಸರ್ವಮಂಗಳ ಜಡೆ ಹೆಣೆದುಕೊಳ್ಳುತ್ತಾ ಕೇಳಿಸಿಕೊಂಡಳು. "ಬರ್ತೀನಿ ಕಣಮ್ಮ. ಅವ್ರ ಮುಖ ಹೆಂಗೈತೆ ಅಂತನಾದ್ರೂ ನೋಡ್ತೀನಿ," ಅಂದಳು. ಅವಳು ಅಪ್ಪನನ್ನು ನೋಡಿಯೇ ಇರಲಿಲ್ಲ.

ಸೋಮವಾರ ಬಿಸಿಲು ಮಂಕಾಗಿತ್ತು. ಗುಡ್ಡದ ಸುತ್ತ ತೆಳ್ಳನೆಯ ಮಂಜೋ ಧೂಳೋ ನಿಂತು, ಕೆಳಗಿನ ಹೊಲ, ದಾರಿ, ಬೇವಿನ ಮರ ಎಲ್ಲ ನೀರಿನೊಳಗಿದ್ದ ಹಾಗೆ ಕಾಣುತ್ತಿತ್ತು. ಇದೂ ಕನಸೇ ಇರಬೇಕು ಅಂತ ಕರಿಬಸಮ್ಮನಿಗೆ ಮತ್ತೆ ಮತ್ತೆ ಅನ್ನಿಸುತ್ತಿತ್ತು. ಬೇವಿನ ಮರದ ಕೆಳಗೆ, ಗುಡಿಗೆ ಅಷ್ಟು ದೂರದಲ್ಲಿ, ರಾಮಾಂಜಿನಯ್ಯ ಚಪ್ಪಲಿ ಬಿಟ್ಟು ನಿಂತಿದ್ದರು. ಗಂಟು ಬಿಚ್ಚಿ, ದೇವರ ಪಾಲು ದೇವರಿಗೆ ಸೇರಿದ ಮೇಲೆ ಮಿಕ್ಕದ್ದು ಮತ್ತೆ ಬರೀ ದುಡ್ಡು, ಅದನ್ನು ಹಿಡಿಯಲು ನಿಮಗೇನೂ ಭಯವಿಲ್ಲ ತಾನೇ ಅಂತ ಶಿವರಾಮಯ್ಯ ಕೇಳಿದ್ದಕ್ಕೆ, ಅದಕ್ಕೇನು ಸಾರ್, ಧಾರಾಳವಾಗಿ ಅಂತ ಒಪ್ಪಿಕೊಂಡು ಬಂದಿದ್ದರು.

ಮಹಾದೇವಯ್ಯ ಗಂಟನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಬಂದ. ಗುಡಿಯೊಳಗೆ ಅಕ್ಕನನ್ನು ಕಂಡು ಮುಖ ಅರಳಿತು. ಅಕ್ಕನ ಹಿಂದೆ ನಿಂತಿದ್ದ ಕರಿಬಸಮ್ಮನನ್ನು ಕಂಡು ಅರಳಿದ್ದು ಮುದುಡಿತು. ಆಮೇಲೆ ಹುಡುಗಿಯನ್ನು ನೋಡಿದ. ಸರ್ವಮಂಗಳ ಅವನನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಅವಳ ಅಗಲ ಹಣೆ, ಮೂಗಿನ ಆ ಸೊಟ್ಟ, ಎರಡನ್ನೂ ಅವನು ದಿನಾ ಕನ್ನಡಿಯಲ್ಲಿ ಕಾಣುತ್ತಿದ್ದ. ಕುದುರೆಯ ಮುಖ ನೋಡಿಯೇ ಅಪ್ಪ ಯಾರೆಂದು ಹೇಳುತ್ತಿದ್ದ ಮನುಷ್ಯನಿಗೆ ಇನ್ನೇನು ಹೇಳಬೇಕಾಗಿತ್ತು?

ಪೂಜಾರಿ ಸದಾಶಿವಯ್ಯನವರು ಮಂಗಳಾರತಿ ಮುಗಿಸಿ, ಗಂಟನ್ನು ದೇವರ ಮುಂದೆ ಇಡಿಸಿದರು. "ಬಿಚ್ಚೋಳು ಯಾರಪ್ಪ?" ಅಂತ ಕೇಳಿದರು.

ಮಹಾದೇವಯ್ಯ ಅಕ್ಕನ ಕಡೆ ನೋಡಿದ.

"ನನ್ನ ಯಾಕ್ಲಾ ನೋಡ್ತೀಯ ಮಾದೇವ? ನಿನ್ ಮಗಳಿದ್ರೆ ಹೇಳು. ಇಲ್ದಿದ್ರೆ ಅಯ್ನೋರು ಪೆಟ್ಟಿಗೆ ತೆಗೀತಾರೆ."

ಮಹಾದೇವಯ್ಯನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಹರೆಯದಿಂದ ಲದ್ದಿ ಬಾಚಿ ಕೂಡಿಸಿದ ದುಡ್ಡು ಒಂದು ಕಡೆ, ಇಷ್ಟು ವರ್ಷ ಸಾಕಿಕೊಂಡು ಬಂದ ಹಠ ಇನ್ನೊಂದು ಕಡೆ. ಕರಿಬಸಮ್ಮ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

"ನನ್ ಮಗಳು," ಅಂದ ಮಹಾದೇವಯ್ಯ, ನೆಲಕ್ಕೆ.

"ಕೇಳಿಸ್ಲಿಲ್ಲ ಕಣಪ್ಪ," ಅಂದರು ಸದಾಶಿವಯ್ಯನವರು. ಅವರಿಗೆ ಕಿವಿ ಚೆನ್ನಾಗಿಯೇ ಇತ್ತು.

"ನನ್ ಮಗಳು ಬಿಚ್ತಾಳೆ ಅಯ್ನೋರೆ."

ಇಷ್ಟಕ್ಕೇ ಅಲ್ಲವೇ ಅವಳು ಕಾದದ್ದು? ಆದರೆ ಕರಿಬಸಮ್ಮನಿಗೆ ಯಾವ ಖುಷಿಯೂ ಆಗಲಿಲ್ಲ. ಆ ಮಾತು ದುಡ್ಡಿಗಾಗಿ ಬಂದ ಮಾತು ಅಂತ ಅವಳಿಗೆ ಗೊತ್ತಿತ್ತು. ಜೀವನಾಂಶ ಗೆದ್ದದ್ದಾಯಿತು, ಇದು ಬೇರೆ ಏನೋ ಸೋತ ಹಾಗಿದೆಯಲ್ಲ ಅಂದುಕೊಂಡಳು.

ಸರ್ವಮಂಗಳ ಗಂಟಿನ ಮುಂದೆ ಕೂತಳು. ಬಟ್ಟೆಯ ಬಾಯನ್ನು ಅರಿಶಿನದ ಹುರಿಯಿಂದ ಬಿಗಿದು ಕಟ್ಟಿತ್ತು. ಉಗುರಿನಿಂದ ಕಿತ್ತಳು, ಬರಲಿಲ್ಲ. ತಿರುಗಿಸಿ ಎಳೆದಳು, ಇನ್ನೂ ಬಿಗಿಯಾಯಿತು. ಬೆರಳ ತುದಿ ಕೆಂಪಾಯಿತು. ಮುಡಿಪಿಗೆ ಕತ್ತರಿ ಹಾಕುವ ಹಾಗಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಅನ್ನುವ ಗಾಬರಿಯಲ್ಲಿ ಹುಡುಗಿ ಗಂಟನ್ನು ಎತ್ತಿ ಹುರಿಗೆ ಹಲ್ಲು ಹಾಕಲು ಹೋದಳು.

"ಅಯ್ಯೋ, ಹಲ್ಲು ತಾಕಿಸಬ್ಯಾಡ ಮಗ!" ಅಂತ ಮಹಾದೇವಯ್ಯ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಎಂಜಲಾಯ್ತದೆ. ಉಗುರು ಯಾಕೆ ಕಿತ್ಕತೀಯ ಮಗ? ಎಡಗಡೆ ಸಣ್ಣ ತುದಿ ಐತೆ ನೋಡು. ಹಾಂ, ಅದೇ. ಅದ್ನ ಹಿಡ್ಕಂಡು ಸುಮ್ಕೆ ಎಳಿ. ಜೋರಾಗಿ ಬ್ಯಾಡ, ಮೆತ್ತಗೆ."

ಅವಳು ಎಳೆದಳು. ಒಂದೇ ಎಳೆತಕ್ಕೆ ಹುರಿ ಬಿಚ್ಚಿಕೊಂಡು ಅವಳ ಮಡಿಲಿಗೆ ಬಿತ್ತು. ಅವನು ಅದನ್ನು ಕುದುರೆ ಕಟ್ಟುವ ಗಂಟಿನಲ್ಲೇ ಕಟ್ಟಿದ್ದ, ಅವನ ಕೈಗೆ ಬರುತ್ತಿದ್ದುದು ಅದೊಂದೇ ಗಂಟು. "ಅಷ್ಟೇಯ," ಅಂದ ಅವನು, ತಾನು ಏನು ಅಂದೆ ಅನ್ನುವುದು ಗೊತ್ತೇ ಇಲ್ಲದವನ ಹಾಗೆ, ಹುಡುಗಿಯ ಕೆಂಪಾದ ಬೆರಳುಗಳನ್ನೇ ನೋಡುತ್ತಾ.

ಕರಿಬಸಮ್ಮ ಗುಡಿಯ ಕಂಬ ಹಿಡಿದುಕೊಂಡಳು. ಅವನು ಮಗಳನ್ನು "ಮಗ" ಅಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಯಾರೂ ಕೇಳದೆ, ಯಾರೂ ಹೇಳಿಸದೆ ಬಾಯಿಗೆ ಬಂದ ಮಾತು. ಅವಳಿಗೆ ಅಳು ತಡೆಯಲಾಗಲಿಲ್ಲ.

ಸರ್ವಮಂಗಳ ಒಂದು ಬೊಗಸೆ ದೇವರಿಗೆ ಹಾಕಿದಳು. ಹೊರಗೆ ಬೇವಿನ ಮರದ ಕೆಳಗಿಂದ ರಾಮಾಂಜಿನಯ್ಯ ಗಂಟಲು ಸರಿಮಾಡಿಕೊಳ್ಳುತ್ತಾ, ವಾರಂಟು ಹಿಡಿದು ಮೆಟ್ಟಿಲ ತನಕ ಬಂದರು. ಮಹಾದೇವಯ್ಯ ಅವರನ್ನು ನೋಡಿದ, ಅರ್ಥ ಮಾಡಿಕೊಂಡ. ಬಯ್ಯುತ್ತಾನೆ, ಬಟ್ಟೆ ಕಿತ್ತುಕೊಂಡು ಓಡುತ್ತಾನೆ ಅಂತ ಅಮೀನರು ಎರಡು ಹೆಜ್ಜೆ ಹಿಂದೆ ಸರಿದರು. ಅವನು ಹಾಗೇನೂ ಮಾಡಲಿಲ್ಲ. "ಬರ್ಕಳಪ್ಪ, ಅದೆಷ್ಟೋ ಬರ್ಕೋ," ಅಂದು ಗೋಡೆಗೆ ಒರಗಿ ಕೂತ. ಕೋರ್ಟು ಹೇಳಿದಷ್ಟನ್ನು ಅಮೀನರು ತೆಗೆದುಕೊಂಡ ಮೇಲೆ ಮಿಕ್ಕದ್ದನ್ನು ಸರ್ವಮಂಗಳ ಅದೇ ಅರಿಶಿನದ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಮನೆಯ ಮಗಳು ಮಾಡಬೇಕಾದ್ದೇ ಅದು. ಹುರಿಯನ್ನು ಮಾತ್ರ ಕೊಡಲಿಲ್ಲ. ಅವನೂ ಕೇಳಲಿಲ್ಲ.

ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಅಮ್ಮ ಮಗಳು ಅಕ್ಕಪಕ್ಕ ಕೂತರು. ಕರಿಬಸಮ್ಮ ಅಭ್ಯಾಸದಂತೆ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಕುದುರೆ ಬಂತು. ಬೆನ್ನ ಮೇಲೆ ಚೀಲ ಇರಲಿಲ್ಲ. ಬಾಗಿಲ ಮುಂದೆ ನಿಂತು, ಹೊಸಲನ್ನು ಮೂಸಿ ನೋಡಿ, ಈ ಸಲ ಹೋಗದೆ ಅಲ್ಲೇ ನಿಂತುಕೊಂಡಿತು.

ತೊಡೆಯ ಮೇಲೆ ಏನೋ ಎಳೆದ ಹಾಗಾಗಿ ಅವಳು ಕಣ್ಣು ಬಿಟ್ಟಳು. ಸರ್ವಮಂಗಳ ಅವಳ ಸೆರಗಿನ ತುದಿಗೆ ಆ ಹಳದಿ ಹುರಿ ಸುತ್ತಿ ಗಂಟು ಹಾಕುತ್ತಿದ್ದಳು. ಒಂದು ತುದಿ ಎಳೆದು ನೋಡುತ್ತಿದ್ದಳು. ಬಿಚ್ಚಿಕೊಳ್ಳುತ್ತಿರಲಿಲ್ಲ. ಮತ್ತೆ ಕೆರೆದು ಬಿಚ್ಚಿ, ಮತ್ತೆ ಹಾಕುತ್ತಿದ್ದಳು.

"ಬಿಚ್ಚೋದು ಹೇಳ್ಕೊಟ್ರು ಕಣಮ್ಮ. ಕಟ್ಟೋದು ಹೆಂಗೆ ಅಂತ ಕೇಳಲೇ ಇಲ್ಲ ನಾನು."

"ಇನ್ನೊಂದ್ಸಲ ಹೋದಾಗ ಕೇಳು ಬುಡು," ಅಂದಳು ಕರಿಬಸಮ್ಮ. ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿದ್ದು, ಸೆರಗನ್ನು ಮಗಳ ಕೈಯಲ್ಲೇ ಬಿಟ್ಟು ಹೊರಗೆ ನೋಡುತ್ತಾ ಕೂತಳು.